ಪಾಟೀಲ ನುಂಗಿದ ಒಂಬತ್ತು ಹಣ್ಣು

ಆರಗ

ದ್ವೀಪದ ಹೆಸರು ಹೇಳುವುದಿಲ್ಲ. ಮಾರಿಷಸ್ಸಿನ ದಡಕ್ಕೆ ಎದುರಾಗಿ ಸಮುದ್ರದಲ್ಲಿ ಚಿಕ್ಕ ಚಿಕ್ಕ ದ್ವೀಪಗಳಿವೆ, ಅವುಗಳಲ್ಲಿ ಒಂದು ಎಂದು ತಿಳಿದುಕೊಳ್ಳಿ. ನಮ್ಮ ದಾದಾ ಅಲ್ಲಿ ಮಾಡಿ ಬಂದ ಕೆಲಸಕ್ಕೆ ಹೆಸರು ಹೇಳದಿರುವುದೇ ಎರಡೂ ಕಡೆಯವರಿಗೆ ಮರ್ಯಾದೆ.

ದಾದಾ ಎಂದರೆ ನನ್ನ ಹಿರಿಯಣ್ಣ ಸಿದ್ರಾಮ. ವಯಸ್ಸು ಎಪ್ಪತ್ತಕ್ಕೆ ಒಂದೆರಡು ಕಡಿಮೆ. ನಡೆಯಲು ಕಲಿತದ್ದೇ ಕುರಿಗಳ ಹಿಂದೆ. ಮಿರಜದ ಹತ್ತಿರದ ನಮ್ಮೂರು ಆರಗದಿಂದ ಪಕ್ಕದ ಬೇಡಗದವರೆಗೆ ಗೊಬ್ಬರಕ್ಕೆಂದು ಅವರು ಕುರಿ ತರುಬದ ಹೊಲವಿಲ್ಲ, ಅವರು ಜಗಳವಾಡದ ಬದುವಿಲ್ಲ. ನಾನು ಅದೇ ಮನೆಯಲ್ಲಿ ಹುಟ್ಟಿ, ಹೇಗೋ ಓದಿ, ಆರಗದ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿ ನಿವೃತ್ತಳಾದವಳು. ಆ ಚಾಳಿ ಹೋಗಿಲ್ಲ. ಯಾರಾದರೂ ತಪ್ಪು ಮಾಡಿದರೆ ಈಗಲೂ ಬೆಂಚಿನ ಮೇಲೆ ನಿಲ್ಲಿಸಬೇಕು ಅನ್ನಿಸುತ್ತದೆ.

ನನ್ನ ಮಗಳು ರೋಹಿಣಿ ಆ ದ್ವೀಪದಲ್ಲಿ ಸಸಿ ಬೆಳೆಸುವ ಕೆಲಸಕ್ಕೆ ಹೋಗಿ ಎರಡು ವರ್ಷವಾಗುತ್ತ ಬಂದಿತ್ತು. ಕೆಲಸ ಮುಗಿಯುವ ಮೊದಲು ಒಮ್ಮೆ ಬಂದು ನೋಡಿ ಹೋಗಿರಿ ಎಂದು ದುಂಬಾಲು ಬಿದ್ದಳು. ನಮ್ಮ ಮನೆಯವರು ಕುಪವಾಡದ ಕಾರ್ಖಾನೆಯಲ್ಲಿ ಲೇಥಿನ ಮುಂದೆ ನಿಂತು ನಿಂತು ಮೊಣಕಾಲು ಕಳೆದುಕೊಂಡವರು; ವಿಮಾನ ಎಂದೊಡನೆ ಕೈ ಮುಗಿದರು. ಹೆಣ್ಣುಮಗಳು ಒಬ್ಬಳೇ ಹೋಗುವುದು ಹೇಗೆ ಎಂದು ದಾದಾ ಎದ್ದು ನಿಂತರು. ನನಗೆ ಅರವತ್ತು. ಈ ವಯಸ್ಸಿನಲ್ಲಿ ಹೆಣ್ಣುಮಗಳು ಅನ್ನಿಸಿಕೊಂಡದ್ದಕ್ಕೆ ಒಳಗೊಳಗೇ ಖುಷಿಯಾಗಿ ಒಪ್ಪಿಕೊಂಡೆ.

"ಕುರಿ ಯಾರು ನೋಡ್ತಾರ್ರಿ ದಾದಾ?"

"ಮಕ್ಕಳು ನೋಡ್ತಾರ. ಹದಿನೈದು ದಿನ ನಾ ಇಲ್ಲಂದ್ರ ಕುರಿ ಏನ್ ಮೋರ್ಚಾ ತಗೀತಾವೇನು?"

ದೀಪಾವಳಿ ಮುಗಿಸಿ ಮಿರಜದಲ್ಲಿ ರೈಲು ಹತ್ತಿದೆವು. ವಿಮಾನದ ಸುದ್ದಿ ಬೇಡ. ವಿಮಾನ ಹತ್ತಿದವರೆಲ್ಲ ಅದನ್ನು ಬರೆದಿದ್ದಾರೆ.

ದೋಣಿ ಹತ್ತುವ ಮೊದಲು

ಆ ದ್ವೀಪಕ್ಕೆ ಹೋಗುವವರು ಹೊರಗಿನ ಒಂದು ಬೀಜವನ್ನೂ ಒಯ್ಯಕೂಡದು. ದಡದ ಮೇಲೆ ರೋಹಿಣಿ ನಮ್ಮನ್ನು ಕರೆದೊಯ್ದ ಕೋಣೆಯಲ್ಲಿ ಒಬ್ಬ ಹುಡುಗಿ ಚಿಮಟ, ಬ್ರಷ್ಷು ಹಿಡಿದು ಕೂತಿದ್ದಳು. ಚಪ್ಪಲಿಯ ಅಟ್ಟೆ ತಿಕ್ಕಿದಳು, ಚೀಲದ ಮೂಲೆ ಜಾಡಿಸಿದಳು. ದಾದಾರ ಕಿಸೆಯಿಂದ ಜೋಳದ ಕಾಳು ಬಂದವು. ಆಮೇಲೆ ಅವಳು ಕಂಬಳಿ ಬಿಚ್ಚಿದಳು.

ಕುರಿಯವರ ಕಂಬಳಿ ಎಂದರೇನು ಎಂದು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ಉತ್ತರಾಣಿ, ನೆಗ್ಗಿಲು, ಹೆಸರಿಲ್ಲದ ಹುಲ್ಲಿನ ಮುಳ್ಳು, ಎಲ್ಲ ಅದರೊಳಗಿದ್ದವು. ಆರಗದ ಅರ್ಧ ಗೋಮಾಳವೇ ಅದರಲ್ಲಿ ಕೂತು ಬಂದಿತ್ತು. ಅವಳು ಒಂದೊಂದೇ ಆರಿಸಿ ತಟ್ಟೆಗೆ ಹಾಕುತ್ತಿದ್ದಳು. ನಾನು ನಗುತ್ತ ನೋಡುತ್ತಿದ್ದೆ. ಆಮೇಲೆ ನನ್ನ ಸೀರೆಯ ಅಂಚಿನಲ್ಲೂ ಎರಡು ಉತ್ತರಾಣಿ ಸಿಕ್ಕವು. ನಗು ನಿಂತಿತು.

ಕೊನೆಗೆ ಅವಳು ಸೋತು ಕಂಬಳಿಯನ್ನು ಚೀಲಕ್ಕೆ ಹಾಕಿ, ದೊಡ್ಡದೊಂದು ಫ್ರಿಜ್ಜಿನ ಹಿಮದ ಖಾನೆಗೆ ತಳ್ಳಿದಳು. ಹುಳಹುಪ್ಪಟೆ ಇದ್ದರೆ ಸಾಯಲಿ, ಉಳಿದ ಮುಳ್ಳನ್ನು ಆರಿಸಿ ಆಮೇಲೆ ಕಳಿಸುತ್ತೇವೆ ಎಂದಳು. ದಾದಾ ಬಾಗಿಲು ಮುಚ್ಚುವುದನ್ನೇ ನೋಡುತ್ತಿದ್ದರು.

"ಇಷ್ಟ ವರ್ಷ ನನ್ನ ಥಂಡಿ ಅದು ತಗೊಂಡಿತ್ತು. ಈಗ ಅದಕ್ಕ ಥಂಡಿ ಹತ್ತತೈತಿ," ಅಂದರು.

ಬೇದಾಣಾದ್ದೂ ಒಂದು ಪಂಚಾಯಿತಿ. ನಮ್ಮ ಸಾಂಗ್ಲಿ ಕಡೆಯವರು ಈ ಒಣದ್ರಾಕ್ಷಿ ಇಲ್ಲದೆ ನೆಂಟರ ಮನೆಗೆ ಹೋಗುವುದಿಲ್ಲ. ಇದರಲ್ಲಿ ಬೀಜವಿದೆಯೇ ಎಂದು ಹುಡುಗಿ ಕೇಳಿದಳು. ದಾದಾ ಒಂದೊಂದೇ ಬಾಯಿಗೆ ಹಾಕಿ, ಅಗಿದು, ಬಾಯಿ ತೆರೆದು ತೋರಿಸತೊಡಗಿದರು. ಏಳೆಂಟು ಆದ ಮೇಲೆ ಹುಡುಗಿ ತಾನೇ ಸಾಕು ಎಂದಳು.

ಮೊದಲ ದಿನ

ದ್ವೀಪ ಅಷ್ಟೇನೂ ದೊಡ್ಡದಲ್ಲ. ಉಣ್ಣುವ ಮೊದಲು ಹೊರಟರೆ ಅನ್ನ ಆರುವುದರೊಳಗೆ ಸುತ್ತಿ ಬರಬಹುದು. ಹವಳದ ಕಲ್ಲು, ಮೊಣಕಾಲೆತ್ತರದ ಗಿಡ, ನಡುವೆ ನಡುವೆ ಹಳೆಯ ಮರ. ಕಾಲ ಸಂದಿಯಲ್ಲಿ ಹೊಳೆಯುವ ಹಾವರಾಣಿಗಳು. ಗುಲಾಬಿ ಬಣ್ಣದ ಪಾರಿವಾಳವೊಂದು ಬಂದು ನಮ್ಮನ್ನು ಬಾಡಿಗೆದಾರರನ್ನು ನೋಡುವಂತೆ ನೋಡಿ ಹೋಯಿತು. ಆ ಜಾತಿ ಇನ್ನೇನು ಮುಗಿದೇ ಹೋಗುತ್ತದೆ ಅನ್ನುವ ಹೊತ್ತಿಗೆ ಉಳಿಸಿಕೊಂಡರಂತೆ.

ರೋಹಿಣಿ ನಡೆಯುತ್ತ ದ್ವೀಪದ ಕಥೆ ಹೇಳಿದಳು. ಹಿಂದೆ ಇಲ್ಲಿ ದಟ್ಟ ಕಾಡಿತ್ತು. ಸೌದೆಗೆ ಕಡಿದರು. ಉಳಿದದ್ದನ್ನು ಆಡು ತಿಂದವು. ಖಾಲಿಯಾದ ಕಡೆ ಹೊರಗಿನ ಗಿಡಗಳು ಹಬ್ಬಿದವು, ಅದರ ಜೊತೆಗೆ ಇಲ್ಲಿನ ಹಕ್ಕಿಗಳೂ ಹೋದವು. ಈಗ ಹೊರಗಿನ ಗಿಡ ಕಿತ್ತು, ಇಲ್ಲಿಯದೇ ಗಿಡ ನೆಟ್ಟು, ಹೋದ ಜೀವಗಳನ್ನು ಒಂದೊಂದಾಗಿ ಕರೆಯುತ್ತಿದ್ದಾರೆ. ಇಲ್ಲಿನ ದೈತ್ಯ ಆಮೆಗಳ ವಂಶ ಅಳಿದುಹೋಗಿತ್ತು. ಬೇರೆ ದ್ವೀಪದಿಂದ ಅದರ ದಾಯಾದಿಗಳನ್ನು ತಂದು ಬಿಟ್ಟಿದ್ದಾರೆ. ಕಳೆ ಮೇಯುವುದು, ಬೀಜ ಹರಡುವುದು ಅವುಗಳ ನೌಕರಿ.

ಆಡಿನ ಮಾತು ಬಂದಾಗ ದಾದಾ ನಿಂತರು. ಮಿರಜದ ಸುತ್ತ ಎಲ್ಲಿ ಗಿಡ ನೆಟ್ಟು ತಂತಿ ಹಾಕಿದ್ದಾರೋ ಅಲ್ಲೆಲ್ಲ ಬೈಸಿಕೊಂಡ ಜೀವ ಅವರದು. ಅರಣ್ಯದ ಗಾರ್ಡ್ ಶಿಳ್ಳೆ ಹಾಕಿದರೆ ಕುರಿ ಹೊಡೆದುಕೊಂಡು ಓಡಿದ್ದೇ ಓಡಿದ್ದು. ಈಗ ನೋಡಿದರೆ ತಂಗಿಯ ಮಗಳೇ ತಂತಿಯ ಒಳಗೆ ನಿಂತಿದ್ದಾಳೆ.

"ಆಡು ತಿಂದಾವು ಖರೆ," ಅಂದರು. "ಆದ್ರ ಅವು ಈಜಿ ಬಂದಿದ್ವೇನವ್ವಾ?"

ದ್ವೀಪದ ಕಾವಲುಗಾರ ಮಾರ್ಸೆಲ್ ನಮ್ಮ ಜೊತೆಗಿದ್ದರು. ದಾದಾರ ವಯಸ್ಸಿನವರೇ, ತಲೆಗೆ ಹುಲ್ಲಿನ ಟೊಪ್ಪಿಗೆ, ಕೈಯೆಂದರೆ ಒಣ ಬೇರು. ಅವರ ಮಾತು ಅಲ್ಲಿಯ ಕ್ರಿಯೋಲ್. ದಾದಾರದ್ದನ್ನು ರೋಹಿಣಿ ಅನುವಾದಿಸಿದಳು. ಮಾರ್ಸೆಲ್ ನಗಲಿಲ್ಲ. ದಾದಾರನ್ನು ನಿಟ್ಟಿಸಿ ನೋಡಿ ತಲೆಯಾಡಿಸಿದರು. ಆ ಕ್ಷಣದಿಂದ ಅವರು ನಮ್ಮವರಿಗೆ ಮಾರ್ಸೆಲಪ್ಪ ಆದರು.

ದಾದಾ ಮಾರ್ಸೆಲಪ್ಪನ ಜೊತೆ ಮುಂದೆ ಹೋದ ಮೇಲೆ, ನಡುವಿನ ಏರಿನ ಕಡೆ ಕೈ ತೋರಿಸಿ ರೋಹಿಣಿ ನನಗೆ ಒಂದು ಮರದ ಸಂಗತಿ ಹೇಳಿದಳು. ಆ ಜಾತಿಯಲ್ಲಿ ದ್ವೀಪದ ಮೇಲೆ ಉಳಿದಿರುವುದು ಅದೊಂದೇ. ಈಗಿನವರು ಕಂಡಂತೆ ಇದೇ ಮೊದಲ ಸಲ ಹಣ್ಣಾಗಿದೆ, ಒಂದೇ ಟೊಂಗೆಗೆ, ಒಂಬತ್ತು. ಇನ್ನೊಂದು ವಾರಕ್ಕೆ ಕೀಳುವುದು. ಅಲ್ಲಿ ಮಳೆಗಾಲ ಮುಗಿಯುವುದು ನಮ್ಮ ಬೇಸಿಗೆಗೆ; ಅಷ್ಟರೊಳಗೆ ಅದರ ಬೀಜದಿಂದ ಸಸಿ ಎಬ್ಬಿಸಿದರೆ ಈ ಎರಡು ವರ್ಷ ಸಾರ್ಥಕ. ಮಳೆಗಾಲದ ಜೊತೆಗೇ ಅವಳ ಕೆಲಸವೂ ಮುಗಿಯುತ್ತದೆ. "ರವಿವಾರ ಹತ್ರ ಕರಕೊಂಡು ಹೋಗ್ತೇನಿ ಆಯಿ," ಅಂದಳು. ನಮಗೆ ಇಬ್ಬರಿಗೂ ಒಂದೇ ಕಟ್ಟಪ್ಪಣೆ, ಏನನ್ನೂ ಮುಟ್ಟಬೇಡಿ.

ಮೂರನೆಯ ದಿನ

ಅಂದು ರೋಹಿಣಿ ಮತ್ತು ಮಾರ್ಸೆಲ್ ಸಾಮಾನು ತರಲು ದಡಕ್ಕೆ ಹೋಗಿದ್ದರು. ನಾನು ಸಸಿಮನೆಯ ಮುಂದೆ ಕಳೆ ತೆಗೆಯುತ್ತ ಕೂತಿದ್ದೆ. ನಮ್ಮ ಮನೆಯವರು ಕುಪವಾಡದ ಗೆಳೆಯರ ವರ್ಕ್‌ಶಾಪಿನಲ್ಲಿ ಮಾಡಿಸಿ ಕೊಟ್ಟ ಆರು ಕುರ್ಪಿಗಳನ್ನು ತಂದಿದ್ದೆವು. ಅಲ್ಲಿಯವರ ಚಂದದ ಬಣ್ಣದ ಸಲಕರಣೆಗಳೆಲ್ಲ ಆ ಕುರ್ಪಿಯ ಮುಂದೆ ಆಟಿಕೆ ಸಾಮಾನು. ಹಾಗೆಂದು ನಾನು ಯಾರಿಗೂ ಹೇಳಲಿಲ್ಲ, ಮೂರು ಸಲ ಬಿಟ್ಟರೆ.

ದಾದಾ ತಿರುಗಾಡಲು ಹೋದವರು ಮುಖ ಅರಳಿಸಿಕೊಂಡು ಬಂದರು.

"ಶಾಂತಾ, ಒಂದು ಜೀವದ ಹೊಟ್ಟಿ ತುಂಬಿಸಿ ಬಂದೇನಿ ನೋಡು."

ಏರಿನ ಮೇಲೆ ಒಂದು ದೊಡ್ಡ ಆಮೆ ಮರದ ಬುಡದಲ್ಲಿ ನಿಂತು, ಕುತ್ತಿಗೆ ಮೇಲೆ ಚಾಚಿ ಚಾಚಿ, ನಿಲುಕದೆ ಒದ್ದಾಡುತ್ತಿತ್ತಂತೆ. ದಾದಾ ಒಂದು ಟೊಂಗೆ ಬಗ್ಗಿಸಿ, ಮುರಿದು ಅದರ ಮುಂದೆ ಹಾಕಿದರಂತೆ. ಮೇವಿಗೆ ಕುತ್ತಿಗೆ ಚಾಚಿದ ಪ್ರಾಣಿಯನ್ನು ನೋಡಿಕೊಂಡು ಸುಮ್ಮನೆ ಮುಂದೆ ಹೋಗುವುದು ನಮ್ಮ ವಂಶದಲ್ಲೇ ಇಲ್ಲ. ನನ್ನ ಕೈಯೊಳಗಿನ ಕುರ್ಪಿ ನಿಂತಿತು. "ಯಾವ ಗಿಡರಿ ದಾದಾ?" ಅಂದೆ. "ಮ್ಯಾಲಿಂದು. ಒಂದೀಟು ಕಾಯಿನೂ ಇದ್ದೂ. ಭಾಳ ಸೇರತು ಅದಕ್ಕ," ಅಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಬಾಯಿಗೇನೋ ಹೋಗಿತ್ತು, ಬಾಯಿ ಮಾತ್ರ ಬೇರೆಯವರದು.

ಮಧ್ಯಾಹ್ನ ದೋಣಿ ಬಂತು. ರೋಹಿಣಿ ಏರಿಗೆ ಓಡಿದಳು, ಹಿಂದೆ ನಾವು. ಮುರಿದ ಟೊಂಗೆಯ ಬಿಳಿ ಗಾಯ, ಕೆಳಗೆ ನಾಲ್ಕಾರು ಕಡ್ಡಿ, ತುಳಿಸಿಕೊಂಡ ಒಂದು ಕೆಂಪು ಬಟ್ಟೆಯ ಪಟ್ಟಿ. ಹಣ್ಣು ಒಂದೂ ಇಲ್ಲ. ರೋಹಿಣಿಗೆ ನಮ್ಮ ಕನ್ನಡ ಪೂರಾ ತಿಳಿಯುತ್ತದೆ, ಆದರೆ ಸಿಟ್ಟು ಬಂದರೆ ಅವಳ ಬಾಯಿಗೆ ಬರುವುದು ಮರಾಠಿಯೇ.

"ಮಾಮಾ, ಕಾಯ ಕೇಲಂತ ಹೇ?"

ಏನು ಮಾಡಿಬಿಟ್ಟಿರಿ ಇದು ಎಂದು ಅಷ್ಟೇ ಕೇಳಿದಳು. ಕೂಗಿಬಿಟ್ಟಿದ್ದರೆ ಚೆನ್ನಾಗಿತ್ತು. ಕೂಗಿದವಳು ನಾನು.

"ಮುಟ್ಟಬ್ಯಾಡ ಅಂತ ಹೇಳಿರಲಿಲ್ಲೇನು ನಿನಗ? ಇಷ್ಟ ವಯಸ್ಸಾಗೈತಿ, ಬುದ್ಧಿ ಬ್ಯಾಡೇನು ನಿನಗ?"

ಅರವತ್ತು ವರ್ಷದಲ್ಲಿ ದಾದಾಗೆ ನಾನು 'ನೀ' ಅಂದದ್ದು ಅದೇ ಮೊದಲು. ಅದೂ ಪರದೇಶದಲ್ಲಿ, ಪರರ ಮುಂದೆ. ಅವರು ನನ್ನ ಕಡೆ ನೋಡಲಿಲ್ಲ. ಕೆಳಗೆ ಬಿದ್ದ ಕೆಂಪು ಪಟ್ಟಿಯನ್ನು ಎತ್ತಿ ಮಗುವಿನಂತೆ ತೋರಿಸಿದರು.

"ಚಿಂದಿ ಕಟ್ಟಿತ್ತಲ್ಲವ್ವಾ ರೋಹಿಣಿ. ಯಾವದೂ ಮುಟ್ಟಬ್ಯಾಡ ಅಂದಿದ್ದಿ ಅಂತ ನಾ ಬ್ಯಾರೆ ಗಿಡ ಮುಟ್ಟಲಿಲ್ಲ. ಎಲ್ಲಾ ಟೊಂಗಿ ನೋಡಿ, ಚಿಂದಿ ಕಟ್ಟಿದ್ದ ಹುಡುಕಿ, ಅದನ್ನ ಅಷ್ಟ ಮುರದೇನಿ."

ನನಗೆ ಆಗ ತಿಳಿಯಿತು. ಬೇಡಗದ ಕಡೆ ರೈತರು ಬೇಸಿಗೆಯಲ್ಲಿ ಬದುವಿನ ಬೇವು, ಜಾಲಿಗಳನ್ನು ಕುರಿಗಳ ಸೊಪ್ಪಿಗೆ ಬಿಟ್ಟುಕೊಡುತ್ತಾರೆ. ಯಾವ ಟೊಂಗೆ ಸವರಬಹುದೋ ಅದಕ್ಕೆ ಒಂದು ಚಿಂದಿ ಕಟ್ಟಿರುತ್ತಾರೆ. ಚಿಂದಿ ಇಲ್ಲದ್ದನ್ನು ಮುಟ್ಟಿದವನು ಕಳ್ಳ, ಚಿಂದಿ ಇದ್ದದ್ದು ಪ್ರಾಣಿಯ ಪಾಲು. ಆ ನಿಯಮವನ್ನು ದಾದಾ ಆಯುಷ್ಯದಲ್ಲಿ ಒಮ್ಮೆಯೂ ಮೀರಿಲ್ಲ. ಇಲ್ಲಿ ರೋಹಿಣಿ ಎಲ್ಲಕ್ಕಿಂತ ಜೋಪಾನ ಮಾಡಬೇಕಾದ ಟೊಂಗೆಗೇ ಪಟ್ಟಿ ಕಟ್ಟಿದ್ದಳು. ಒಬ್ಬರಿಗೆ ಅದು ಬೇಲಿ, ಇನ್ನೊಬ್ಬರಿಗೆ ಅಪ್ಪಣೆ. ತಪ್ಪು ಯಾರದೆಂದು ಹೇಳುವುದು? ಮಾರ್ಸೆಲ್ ಟೊಪ್ಪಿಗೆ ತೆಗೆದು ಮರದ ಬುಡದಲ್ಲಿ ಕೂತುಬಿಟ್ಟರು.

ಆಮೆಯ ಹಿಂದೆ

ಮರುದಿನ ದಾದಾ ಚಹಾ ಮುಟ್ಟಲಿಲ್ಲ. ಸಸಿಮನೆಯ ಬಾಗಿಲಲ್ಲಿ ನಿಂತು, ಒಳಗೆ ಬರಲಾರದೆ, ಅಲ್ಲಿಂದಲೇ ಮಾತು ತೆಗೆದರು.

"ಅದಕ್ಕ ಹಲ್ಲಿಲ್ಲವ್ವಾ. ನಾ ನೋಡೇನಿ. ಅಗೀಲಿಲ್ಲ, ನುಂಗತು. ನಮ್ಮ ಜಾಲಿ ಬೀಜ ಹಂಗ ಬಿತ್ತಿದ್ರ ಏಳಂಗಿಲ್ಲ. ಕುರಿ ಹೊಟ್ಟ್ಯಾಗ ಹಾದು ಹಿಕ್ಕ್ಯಾಗ ಬಂದದ್ದು ಏಳತೈತಿ. ಗಿಡ ಹಚ್ಚಾವ್ರು ನನ್ನ ಹಟ್ಟಿಗೆ ಬಂದು ಆರಿಸ್ಕೊಂಡು ಹೋಗ್ತಾರ. ಇದೂ ಹಂಗ ಆಗಬಾರದ್ಯಾಕ?"

ರೋಹಿಣಿ ತಲೆ ಎತ್ತಿದಳು. "ಗೊತ್ತೈತಿ ಮಾಮಾ, ಆಗ್ತದ. ಆದ್ರ ಇಲ್ಲಿ ಇಷ್ಟು ಆಮೆ ಅದಾವ. ಯಾವುದು ತಿಂತು ಅಂತ ಹ್ಯಾಂಗ ಹುಡುಕೋದು? ಹೊಟ್ಟೆಯಿಂದ ಬರಲಿಕ್ಕೆ ವಾರನೂ ಆಗಬಹುದು, ತಿಂಗಳೂ ಆಗಬಹುದು."

"ಅದರ ಮಾರಿ ನನಗ ಗುರ್ತೈತಿ," ಅಂದರು ದಾದಾ.

ನಾನು ಆ ಆಮೆಗಳನ್ನು ನೋಡಿದ್ದೆ. ಒಂದಕ್ಕೂ ಇನ್ನೊಂದಕ್ಕೂ ಏನೇನೂ ವ್ಯತ್ಯಾಸವಿಲ್ಲ, ಎಲ್ಲ ಬಂಡೆಗಳು. ಆದರೆ ಮುನ್ನೂರು ಕುರಿಯಲ್ಲಿ ಯಾವುದರ ಮರಿ ಯಾವುದು ಎಂದು ಮಬ್ಬಿನಲ್ಲೂ ಹೇಳುವ ಮನುಷ್ಯ ಅವರು. ಅರ್ಧ ಗಂಟೆಯಲ್ಲಿ ಹುಡುಕಿ ನಿಂತರು. ಬಲಗಡೆ ಚಿಪ್ಪಿನ ಅಂಚಿನಲ್ಲಿ ಬೆರಳು ಕೂರುವಷ್ಟು ಕಚ್ಚು, ಎಡಗಣ್ಣಿನ ಕೆಳಗೆ ಮಡಿಕೆ. ಪಂಚಾಯಿತಿಗೆ ಬರುವ ಊರ ಪಾಟೀಲರ ಹಾಗೆ, ಲೋಕವೇ ಕಾಯುತ್ತಿದೆ ತನಗೇನು ಅವಸರ ಎಂಬಂತೆ ನಡೆಯುತ್ತಿತ್ತು. ಹೆಸರು ಪಾಟೀಲ ಎಂದೇ ಆಯಿತು.

ಅಂದಿನಿಂದ ದಾದಾ ಪಾಟೀಲನ ಹಿಂದೆ. ಅವನು ನಿಂತರೆ ನಿಲ್ಲುವುದು, ಕೂತರೆ ಕೂರುವುದು, ಹಿಕ್ಕೆ ಹಾಕಿದರೆ ಕಲ್ಲಿನ ಮೇಲೆ ಹರವಿ ಕೈಯಿಂದ ಪುಡಿ ಮಾಡಿ ನೋಡುವುದು. ಎರಡು ದಿನ ಹುಲ್ಲು, ಬರೀ ಹುಲ್ಲು. ಮೂರನೆಯ ದಿನ ಮಾರ್ಸೆಲ್ ಎದುರಿಗೆ ಬಂದು ಕೂತು ತಾವೂ ಕೈ ಹಾಕಿದರು. ಅವರ ನಡುವೆ ಒಂದು ಮಾತೂ ಸೇರುತ್ತಿರಲಿಲ್ಲ, ಆದರೂ ಇಡೀ ದಿನ ಮಾತಾಡುತ್ತಿದ್ದರು.

ಒಮ್ಮೆ ನಾನು ಬುತ್ತಿ ಒಯ್ದಾಗ ರೋಹಿಣಿಯೂ ಅಲ್ಲಿದ್ದಳು. ಮಾರ್ಸೆಲ್ ಏನೋ ಹೇಳುತ್ತಿದ್ದರು, ಅವಳು ಅನುವಾದಿಸಿದಳು. ಈ ದ್ವೀಪದ ಮೇಲಿನ ಆಡುಗಳು ಅವರ ಅಪ್ಪನವೇ. ಕೊನೆಯ ಹಿಂಡನ್ನು ಹಿಡಿದು ದೋಣಿಗೆ ಹಾಕಿದವರು ಮಾರ್ಸೆಲ್. ಕರೆದರೆ ಅವು ಅವರ ದನಿಗೆ ಮಾತ್ರ ಬರುತ್ತಿದ್ದವು, ಅದಕ್ಕೇ ಅವರನ್ನೇ ಕಳಿಸಿದ್ದರು. ನಂಬಿ ಬಂದವು, ನಾನು ಕಾಲು ಕಟ್ಟಿದೆ ಎಂದರು. ಆಮೇಲೆ ಖಾಲಿ ದ್ವೀಪದ ಮೇಲೆ ಗಿಡ ನೆಡಲು ಕೂಲಿಗೆ ಬಂದು ಇಲ್ಲಿಯೇ ಮುದುಕರಾದರು. ಈ ಮರ ಹಣ್ಣು ಬಿಡಲಿ ಎಂದು ಅವರು ಕಾದದ್ದು ರೋಹಿಣಿಯ ವಯಸ್ಸಿಗಿಂತ ಹೆಚ್ಚು.

ದಾದಾ ಕೈಯಲ್ಲಿದ್ದುದನ್ನು ಕೆಳಗಿಟ್ಟರು. "ಹ್ಯಾಂಗ ಕರೀತಿದ್ರಿ ಮಾರ್ಸೆಲಪ್ಪಾ?" ಎಂದು ಕೇಳಿದರು. ಮಾರ್ಸೆಲ್ ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ಒಂದು ಸದ್ದು ಮಾಡಿದರು. ದಾದಾ ತಮ್ಮದನ್ನು ಮಾಡಿ ತೋರಿಸಿದರು. ಇಬ್ಬರು ಮುದುಕರು, ಒಂದು ಆಡೂ ಇಲ್ಲದ ದ್ವೀಪದಲ್ಲಿ, ಆಡು ಕರೆಯುತ್ತ ಕೂತಿದ್ದರು. ಪಾಟೀಲ ಮಾತ್ರ ತಿರುಗಿ ನೋಡಲಿಲ್ಲ.

ಅಂದು ನಾನು ದಾದಾರ ಪಕ್ಕದಲ್ಲಿ ಕೂತು, "ತಪ್ಪಾತರಿ ದಾದಾ, ಅವತ್ತ ಬಾಯಿ ಜಾರಿತು," ಅಂದೆ. ಅವರು ಹಿಕ್ಕೆಯ ಒಂದು ಉಂಡೆಯನ್ನು ನನ್ನ ಕೈಗಿಟ್ಟು, "ಇದನ್ನ ನೋಡು, ನನ್ನ ಕಣ್ಣು ಮಂಜ ಆಗ್ಯಾವ," ಅಂದರು. ಎರಡೂ ಕೈ ಹಾಕಿ ಪುಡಿ ಮಾಡಿದೆ. ಹುಲ್ಲು. ಅಷ್ಟು ಹಗುರಾದ ಮನಸ್ಸಿನಿಂದ ಅಂಥ ಕೆಲಸ ನಾನು ಯಾವತ್ತೂ ಮಾಡಿಲ್ಲ.

ಹೊರಡುವ ದಿನ

ಹದಿನಾಲ್ಕನೆಯ ದಿನದವರೆಗೂ ಬೀಜ ಬರಲಿಲ್ಲ. ಟಿಕೀಟು ಪಾಟೀಲನಿಗಾಗಿ ಕಾಯುವುದಿಲ್ಲವಲ್ಲ. ಬೆಳಿಗ್ಗೆ ದೋಣಿ ಸಿದ್ಧವಾಯಿತು, ದಾದಾ ಇಲ್ಲ. ಹೋಗಿ ನೋಡಿದರೆ ಏರಿನ ಮೇಲೆ ಮಾರ್ಸೆಲರ ತೋರುಬೆರಳನ್ನು ಹಿಡಿದು ಚಿಪ್ಪಿನ ಆ ಕಚ್ಚಿನಲ್ಲಿ ಇಡಿಸುತ್ತಿದ್ದರು. ಕಣ್ಣು ಮುಚ್ಚಿ ಮುಟ್ಟಿದರೂ ತಿಳಿಯಬೇಕು ಎಂದು ಎರಡು ಸಲ, ಮೂರು ಸಲ ಇಡಿಸಿದರು. ಆಮೇಲೆ ಕಣ್ಣಿನ ಕೆಳಗಿನ ಮಡಿಕೆ ತೋರಿಸಿದರು. ಮಾರ್ಸೆಲ್ ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸುತ್ತಿದ್ದರು.

ರೋಹಿಣಿ ಬಗ್ಗಿ ಮಾಮಾನ ಕಾಲು ಮುಟ್ಟಿದಳು. ಅವಳ ತಲೆಯ ಮೇಲೆ ಕೈ ಇಟ್ಟು ದಾದಾ ದೋಣಿ ಹತ್ತಿದರು. ದಡ ಮುಟ್ಟುವವರೆಗೂ ದ್ವೀಪದ ಕಡೆ ಬೆನ್ನು ಮಾಡಿ ಕೂತಿದ್ದರು.

ಮತ್ತೆ ಊರು

ಊರಿಗೆ ಬಂದ ಮೇಲೆ ದಿನಾ ಬೆಳಿಗ್ಗೆ ದಾದಾ ನಮ್ಮ ಅಂಗಳದಲ್ಲಿ ಹಾಜರು. "ಫೋನ್ ಬಂತೇನು? ಪಾಟೀಲ ಹೊರಕಡಿ ಹೋದ್ನೇನು?" ಇದನ್ನು ಬಸ್‌ಸ್ಟ್ಯಾಂಡಿನಲ್ಲೂ ಕೇಳಿದ್ದರಿಂದ, ನಮ್ಮ ಊರ ನಿಜವಾದ ಪಾಟೀಲರ ಹೊಟ್ಟೆ ಕೆಟ್ಟಿದೆ ಎಂದು ಆರಗದಲ್ಲಿ ಸುದ್ದಿಯಾಯಿತು. ಒಬ್ಬರು ಹರಳೆಣ್ಣೆ ಒಯ್ದು ಕೊಟ್ಟು ಬಂದರಂತೆ.

ಎರಡನೆಯ ವಾರದಲ್ಲಿ ಫೋನು ಬಂತು. ಮಾರ್ಸೆಲ್ ಒಂದು ದಿನವೂ ತಪ್ಪಿಸದೆ ಪಾಟೀಲನ ಹಿಂದೆ ತಿರುಗಿ ಏಳು ಬೀಜ ಆರಿಸಿದ್ದರು. ಹಣ್ಣಿಗೊಂದರಂತೆ ಉಳಿದ ಎರಡು ಎಲ್ಲಿ ಹೋದವೋ ದೇವರಿಗೇ ಗೊತ್ತು. ಏಳನ್ನೂ ರೋಹಿಣಿ ಕುಂಡಗಳಲ್ಲಿ ಊರಿದಳು. ದಾದಾ ಕೇಳಿ, "ಬಂದದ್ದು ದೊಡ್ಡದಲ್ಲ, ಏಳಬೇಕು," ಎಂದು ಕುರಿ ಬಿಟ್ಟುಕೊಂಡು ಹೋದರು. ಅವರ ನಡಿಗೆಯಲ್ಲಿ ಮಾತ್ರ ಅವತ್ತು ವಯಸ್ಸು ಇರಲಿಲ್ಲ.

ಮತ್ತೆ ಫೋನು ಬಂದದ್ದು ಬಿಸಿಲು ಏರುವ ಹೊತ್ತಿಗೆ, ಜೋಳ ಕೊಯ್ದ ಮೇಲೆ. ದಾದಾ ಬೇಡಗದ ಹಾದಿಯ ಹೊಲವೊಂದರಲ್ಲಿ ಕುರಿ ತರುಬಿದ್ದರು. ಫೋನನ್ನು ಹಿಡಿದುಕೊಂಡೇ ನಾನು ಬಿರಬಿರನೆ ಅಲ್ಲಿಗೆ ಹೋದೆ.

"ಮಾಮಾ, ಎರಡು ಎದ್ದಾವ," ಅಂದಳು ರೋಹಿಣಿ. "ಎಲೆ ಸಣ್ಣವು, ಕೆಂಪಗ. ದೊಡ್ಡ ಮರದ ಎಲೆಯಂಗ ಇಲ್ಲೇ ಇಲ್ಲ. ನಾವು ಅದನ್ನ ಮೊದಲ ಸಲ ನೋಡ್ತಿದ್ದೇವಿ. ಮಾರ್ಸೆಲ್ ಕುಂಡದ ಮುಂದಿಂದ ಏಳವಲ್ಲರು."

ದಾದಾ ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡರು. ನಾನು ಕುರಿಗಳ ಕಡೆ ನೋಡಿದೆ. ಅತ್ತುಬಿಟ್ಟೆ, ಅದನ್ನು ಮುಚ್ಚಿಡುವುದೇನು.

"ಹಣ್ಣ ಯಾವಾಗ ಬಿಡತೈತಿ ಅದು?" ಎಂದು ಕೇಳಿದರು.

"ಭಾಳ ವರ್ಷ ಬೇಕು ಮಾಮಾ. ಹದಿನೈದೋ, ಇಪ್ಪತ್ತೋ."

ದಾದಾ ಮನಸ್ಸಿನಲ್ಲಿ ಕೂಡಿಸಿದರು. "ಆವಾಗ ನಾ ಇರಂಗಿಲ್ಲ," ಅಂದರು, ನಾಳೆ ಸಂತೆ ಇಲ್ಲ ಅನ್ನುವ ದನಿಯಲ್ಲಿ. "ಪಾಟೀಲ ಇರ್ತಾನಲ್ಲ?"

"ಇರ್ತಾನ ಮಾಮಾ. ನಮ್ಮೆಲ್ಲರಿಗಿಂತ ಹೆಚ್ಚು ದಿನ ಇರ್ತಾನ."

"ಹಂಗಾರ ಮಾರ್ಸೆಲಪ್ಪಗ ಹೇಳವ್ವಾ. ಗಿಡ ದೊಡ್ಡದಾಗುಮುಂದ ತಳಗಿನ ಟೊಂಗಿ ಒಂದು ಸವರಬ್ಯಾಡ್ರಿ ಅಂತ. ಅವನ ಕುತ್ತಿಗಿಗೆ ನಿಲುಕುವಂಗ ಇರ್ಲಿ."

"ಹೇಳ್ತೇನಿ ಮಾಮಾ," ಅಂದಳು ರೋಹಿಣಿ.